ಕ್ಲಚ್ ಪ್ಲೇಟ್ ಏಕೆ ಸವೆಯುತ್ತದೆ? ಒಂದು ಹಳೆಯ ಪಿಕಪ್ಪಿನ ಭೌತವಿಜ್ಞಾನ

ಕುಮಟಾ ಬಳಿಯ ಕಡಲತಡಿಯ ಬಾಡ, ಹೊನ್ನಾವರದ ಕಾಸರಕೋಡ, ಭಟ್ಕಳದ ಬಂದರು ಮುಂತಾದ ಕಡೆಗಳಿಂದ ಮೀನು, ತೆಂಗಿನಕಾಯಿ ಹೊತ್ತ ಪಿಕಪ್ ವಾಹನಗಳು ಘಟ್ಟದ ಮೇಲಿನ ಊರುಗಳಿಗೆ ಹೋಗುವುದನ್ನು ನೀವು ನೋಡಿರಬಹುದು. ಕುಮಟಾದಿಂದ ಹೊರಟ ವಾಹನ ದೇವಿಮನೆ ಘಟ್ಟ ಹತ್ತಿ ಸುಮಾರು 600 ಮೀಟರ್ ಎತ್ತರದ ಶಿರಸಿಯನ್ನು ಸೇರಬೇಕು. ಹೊನ್ನಾವರದಿಂದ ಸಾಗರಕ್ಕೆ ಹೋಗುವುದಾದರೆ ಗೇರುಸೊಪ್ಪೆ ಘಟ್ಟ ಎದುರಾಗುತ್ತದೆ. ಹಳೆಯ ವಾಹನವೊಂದು ಏರಿನಲ್ಲಿ ಎಂಜಿನ್ ಕೂಗಿದರೂ ಮುಂದೆ ಎಳೆಯದಿದ್ದರೆ, ಸುಟ್ಟ ವಾಸನೆ ಬಂದರೆ, ಮೆಕ್ಯಾನಿಕ್ ಹೇಳುವ ಮಾತು ಒಂದೇ: "ಕ್ಲಚ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು." ಈ ಮಾತಿನ ಹಿಂದೆ ಪಿಯುಸಿ ಭೌತವಿಜ್ಞಾನದ ಘರ್ಷಣೆ ಮತ್ತು ಉಷ್ಣದ ಪಾಠಗಳು ಇಡಿಯಾಗಿ ಅಡಗಿವೆ.

ಕ್ಲಚ್ ಏಕೆ ಬೇಕು?

ಡೀಸೆಲ್ ಎಂಜಿನ್ ನಿಮಿಷಕ್ಕೆ ಕೆಲವು ನೂರು ಸುತ್ತುಗಳಿಗಿಂತ ನಿಧಾನವಾಗಿ ಓಡಲಾರದು. ಆದರೆ ನಿಂತ ವಾಹನದ ಚಕ್ರದ ವೇಗ ಸೊನ್ನೆ. ಓಡುವ ಎಂಜಿನ್ನನ್ನು ನಿಂತ ಚಕ್ರಕ್ಕೆ ಜೋಡಿಸಬೇಕಾದರೆ ನಡುವೆ ಸ್ವಲ್ಪ ಹೊತ್ತು ಜಾರಬಲ್ಲ, ಆಮೇಲೆ ಗಟ್ಟಿಯಾಗಿ ಹಿಡಿಯಬಲ್ಲ ಭಾಗವೊಂದು ಇರಬೇಕು. ಆ ಭಾಗವೇ ಕ್ಲಚ್.

ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿದೆ. ಅದಕ್ಕೆ ತಾಗಿ ಎರಡೂ ಮುಖಗಳಲ್ಲಿ ಲೈನಿಂಗ್ ಅಂಟಿಸಿದ ಅಥವಾ ರಿವೆಟ್ ಹೊಡೆದ ಕ್ಲಚ್ ಪ್ಲೇಟ್, ಅದರ ಹಿಂದೆ ಸ್ಪ್ರಿಂಗುಗಳಿಂದ ಒತ್ತುವ ಪ್ರೆಶರ್ ಪ್ಲೇಟ್. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಕೂರುತ್ತವೆ. ನಾವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಶರ್ ಪ್ಲೇಟಿನ ಒತ್ತಡವನ್ನು ತೆಗೆಯುತ್ತದೆ. ಆಗ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ.

ಹಿಡಿತದ ಲೆಕ್ಕ

ಕ್ಲಚ್ ದಾಟಿಸಬಲ್ಲ ಗರಿಷ್ಠ ತಿರುಗುಬಲ, ಅಂದರೆ ಟಾರ್ಕ್, ನಾಲ್ಕು ಸಂಖ್ಯೆಗಳ ಗುಣಲಬ್ಧ: ಘರ್ಷಣ ಗುಣಾಂಕ, ಸ್ಪ್ರಿಂಗಿನ ಒತ್ತುಬಲ, ಲೈನಿಂಗಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆಯಾದ 2. ಉದಾಹರಣೆಗೆ ಘರ್ಷಣ ಗುಣಾಂಕ 0.3, ಒತ್ತುಬಲ 5,000 ನ್ಯೂಟನ್, ತ್ರಿಜ್ಯ 0.1 ಮೀಟರ್ ಎಂದುಕೊಳ್ಳೋಣ. ಆಗ ಟಾರ್ಕ್ 300 ನ್ಯೂಟನ್-ಮೀಟರ್. ಎಂಜಿನ್ನಿನ ಗರಿಷ್ಠ ಟಾರ್ಕ್ 200 ಆಗಿದ್ದರೆ ಕ್ಲಚ್ಚಿಗೆ ಒಂದೂವರೆ ಪಟ್ಟು ಸಾಮರ್ಥ್ಯವಿದೆ, ಜಾರುವುದಿಲ್ಲ.

ಈಗ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ ಲೈನಿಂಗಿಗೆ ಎಣ್ಣೆ ತಾಗಿತು ಎನ್ನಿ. ಘರ್ಷಣ ಗುಣಾಂಕ 0.15ಕ್ಕೆ ಇಳಿದರೆ ಸಾಮರ್ಥ್ಯ 150ಕ್ಕೆ ಕುಸಿಯುತ್ತದೆ. ಸಮತಟ್ಟಿನಲ್ಲಿ ನಿಧಾನವಾಗಿ ಓಡುವ ಗಾಡಿ, ಘಟ್ಟದಲ್ಲಿ ಎಂಜಿನ್ನಿನ ಪೂರ್ಣ ಬಲ ಕೇಳಿದಾಗ ಜಾರತೊಡಗುತ್ತದೆ. ಲೈನಿಂಗ್ ಸವೆದರೂ ಇದೇ ಗತಿ. ಸುರುಳಿ ಸ್ಪ್ರಿಂಗ್ ಇರುವ ಹಳೆಯ ಮಾದರಿಗಳಲ್ಲಿ ಲೈನಿಂಗ್ ತೆಳುವಾದಷ್ಟೂ ಸ್ಪ್ರಿಂಗ್ ಸಡಿಲಗೊಳ್ಳುತ್ತದೆ. ಹುಕ್‌ನ ನಿಯಮದಂತೆ ಒತ್ತುಬಲ ಕಡಿಮೆಯಾಗುತ್ತದೆ. ತಟ್ಟೆಯಾಕಾರದ ಡಯಾಫ್ರಂ ಸ್ಪ್ರಿಂಗಿನಲ್ಲಿ ಈ ಕುಸಿತ ಬಹಳ ಕಾಲ ಕಾಣಿಸುವುದಿಲ್ಲ. ಅದು ಇಂದು ಹೆಚ್ಚು ಬಳಕೆಯಲ್ಲಿರಲು ಇದೂ ಒಂದು ಕಾರಣ.

ಅರ್ಧ ಶಕ್ತಿ ಉಷ್ಣದ ಪಾಲು

ಸರಿಯಾಗಿರುವ ಕ್ಲಚ್ ಕೂಡ ಪ್ರತಿ ಬಾರಿ ಗಾಡಿ ಹೊರಡುವಾಗ ಸ್ವಲ್ಪ ಜಾರಲೇಬೇಕು. ಎಂಜಿನ್ನಿನ ವೇಗ ಬದಲಾಗುವುದಿಲ್ಲ, ಗೇರ್‌ಬಾಕ್ಸ್ ಶಾಫ್ಟಿನ ವೇಗ ಮಾತ್ರ ಸೊನ್ನೆಯಿಂದ ಆ ವೇಗಕ್ಕೆ ಸಮನಾಗಿ ಏರುತ್ತದೆ ಎಂದುಕೊಳ್ಳಿ. ಶಾಫ್ಟಿನ ಸರಾಸರಿ ವೇಗ ಎಂಜಿನ್ನಿನ ವೇಗದ ಅರ್ಧ. ಎರಡೂ ಕಡೆ ಟಾರ್ಕ್ ಒಂದೇ. ಹಾಗಾಗಿ ಎಂಜಿನ್ ಕೊಟ್ಟ ಕೆಲಸದಲ್ಲಿ ಅರ್ಧ ವಾಹನದ ಚಲನಶಕ್ತಿಯಾಗುತ್ತದೆ, ಉಳಿದರ್ಧ ಕ್ಲಚ್ಚಿನಲ್ಲಿ ಉಷ್ಣವಾಗುತ್ತದೆ. ಬ್ಯಾಟರಿಯಿಂದ ಕೆಪಾಸಿಟರನ್ನು ತುಂಬುವಾಗ ಅರ್ಧ ಶಕ್ತಿ ನಷ್ಟವಾಗುವುದನ್ನು ಓದಿದವರಿಗೆ ಈ ಫಲಿತಾಂಶ ಪರಿಚಿತ.

ಸರಕು ಸೇರಿ 2,500 ಕಿಲೋಗ್ರಾಂ ತೂಗುವ ಪಿಕಪ್ಪಿನ ಮೊದಲ ಗೇರಿನ ಒಟ್ಟು ಅನುಪಾತ 16, ಟೈರಿನ ತ್ರಿಜ್ಯ 0.33 ಮೀಟರ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ವಾಹನದ ವೇಗ ಸೆಕೆಂಡಿಗೆ ಸುಮಾರು 2.2 ಮೀಟರ್. ಚಲನಶಕ್ತಿ ಸುಮಾರು 6 ಕಿಲೋಜೂಲ್, ಉಷ್ಣವೂ ಅಷ್ಟೇ. ಎರಡನೆಯ ಗೇರಿನಲ್ಲಿ ಹೊರಟರೆ? ಅನುಪಾತ 8 ಎಂದಾದರೆ ವೇಗ ಎರಡು ಪಟ್ಟು, ಚಲನಶಕ್ತಿ ನಾಲ್ಕು ಪಟ್ಟು, ಕ್ಲಚ್ಚಿನ ಉಷ್ಣವೂ ನಾಲ್ಕು ಪಟ್ಟು. ಎರಡನೆಯ ಗೇರಿನಲ್ಲಿ ಗಾಡಿ ಎತ್ತಬಾರದು ಎಂಬ ಹಿರಿಯ ಚಾಲಕರ ಬುದ್ಧಿಮಾತಿಗೆ ಲೆಕ್ಕದ ಆಧಾರ ಇದು.

ಏರಿನಲ್ಲಿ ಹಾಫ್ ಕ್ಲಚ್

ಘಟ್ಟದ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಕೆಲವರು ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲೇ ಗಾಡಿಯನ್ನು ನಿಲ್ಲಿಸಿಕೊಳ್ಳುತ್ತಾರೆ. 12ಕ್ಕೆ 1ರ ಏರಿನಲ್ಲಿ ಇದೇ ಪಿಕಪ್ಪನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 2,040 ನ್ಯೂಟನ್. ಚಕ್ರದಲ್ಲಿ ಬೇಕಾದ ಟಾರ್ಕ್ ಸುಮಾರು 670, ಅದನ್ನು 16ರಿಂದ ಭಾಗಿಸಿದರೆ ಕ್ಲಚ್ಚಿನಲ್ಲಿ 42 ನ್ಯೂಟನ್-ಮೀಟರ್. ಎಂಜಿನ್ ನಿಮಿಷಕ್ಕೆ 1,000 ಸುತ್ತು, ಅಂದರೆ ಸೆಕೆಂಡಿಗೆ 105 ರೇಡಿಯನ್ ತಿರುಗುತ್ತಿದೆ, ಶಾಫ್ಟ್ ನಿಂತಿದೆ. ಇವೆರಡನ್ನು ಗುಣಿಸಿದರೆ 4.4 ಕಿಲೋವಾಟ್! 2 ಕಿಲೋವಾಟಿನ ಎರಡು ಗೀಸರ್‌ಗಳಿಗಿಂತ ಹೆಚ್ಚಿನ ಉಷ್ಣ, ಊಟದ ತಟ್ಟೆಯಷ್ಟಗಲದ ಜಾಗದಲ್ಲಿ.

ಒಂದು ನಿಮಿಷಕ್ಕೆ 264 ಕಿಲೋಜೂಲ್. ಅದರಲ್ಲಿ ಅರ್ಧ 5 ಕಿಲೋಗ್ರಾಮಿನ ಎರಕದ ಕಬ್ಬಿಣದ ಪ್ರೆಶರ್ ಪ್ಲೇಟಿಗೆ ಸೇರಿ ಅಲ್ಲೇ ಉಳಿದರೆ ಅದರ ಉಷ್ಣತೆ ಸುಮಾರು 57 ಡಿಗ್ರಿ ಏರುತ್ತದೆ. ಉಜ್ಜುವ ಮೇಲ್ಮೈ ಇದಕ್ಕಿಂತಲೂ ಬಿಸಿಯಾಗಿರುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿದರೆ ಲೈನಿಂಗಿನ ರಾಳ ಕರಕಲಾಗಿ ಘರ್ಷಣ ಗುಣಾಂಕ ಇಳಿಯುತ್ತದೆ. ಗುಣಾಂಕ ಇಳಿದಂತೆ ಹೆಚ್ಚು ಜಾರುತ್ತದೆ, ಜಾರಿದಷ್ಟೂ ಬಿಸಿಯಾಗುತ್ತದೆ. ಜಾರಲು ಶುರುವಾದ ಕ್ಲಚ್ ತಾನಾಗಿ ಸುಧಾರಿಸದೆ ಬೇಗನೆ ಹಾಳಾಗುವುದು ಈ ವಿಷವರ್ತುಲದಿಂದ. ಏರಿನಲ್ಲಿ ನಿಲ್ಲಬೇಕಾದರೆ ಹ್ಯಾಂಡ್ ಬ್ರೇಕ್ ಹಾಕಿ. ನಿಂತ ಬ್ರೇಕಿನಲ್ಲಿ ಜಾರುವಿಕೆ ಇಲ್ಲ, ಆದ್ದರಿಂದ ಉಷ್ಣವೂ ಇಲ್ಲ.

ಬದಲಿಸುವಾಗ

ಗೇರ್‌ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ. ಆದ್ದರಿಂದ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಲಾಭ. ಬರೀ ಪ್ಲೇಟ್ ಹಾಕಿ ನೂರಾರು ರೂಪಾಯಿ ಉಳಿಸಿದವರು, ಹಳೆಯ ಬೇರಿಂಗ್ ಕೈಕೊಟ್ಟಾಗ ಇಳಿಸುವ ಕೂಲಿಯನ್ನು ಎರಡನೆಯ ಸಲ ತೆರಬೇಕಾಗುತ್ತದೆ. ಎಣ್ಣೆ ಸೋರಿದ ಗುರುತಿದ್ದರೆ ಸೀಲ್ ಬದಲಿಸದೆ ಹೊಸ ಪ್ಲೇಟ್ ಹಾಕಬಾರದು. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅದು ಅತಿಯಾಗಿ ಕಾದಿದೆ ಎಂದರ್ಥ. ಬಿರುಕುಗಳಿವೆಯೇ ಎಂದು ನೋಡಬೇಕು.

ಹೊಸ ಪ್ಲೇಟನ್ನು ಶಾಫ್ಟಿನ ಅಳತೆಯ ಸಾಧನದಿಂದ ನಡುವಿಗೆ ತಂದು ಕೂರಿಸಬೇಕು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಬದಿ ಬಿಗಿದರೆ ಹೊರಕವಚ ಬಾಗುತ್ತದೆ. ಗೇರ್‌ಬಾಕ್ಸ್ ಸೇರಿಸುವಾಗ ಅದರ ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ತೂಗಬಿಡಬಾರದು. ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಬಾರದು. ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ಇನ್ನೊಂದು ಎಚ್ಚರಿಕೆ ಗ್ಯಾರೇಜಿನ ಹುಡುಗರಿಗೆ. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶ ಸೇರಿದರೆ ಹಲವು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಒಳಗಿನ ಕಪ್ಪು ಧೂಳನ್ನು ಏರ್ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಉಪ್ಪುಗಾಳಿ ಮತ್ತು ಮಳೆಗಾಲ

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆಗ ಕೆಲಸವಿಲ್ಲದೆ ನಿಂತ ವಾಹನದ ಫ್ಲೈವೀಲ್ ಮೇಲೆ ತೇವ ಮತ್ತು ಉಪ್ಪಿನಿಂದ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೆ ಕಚ್ಚಿಕೊಳ್ಳಬಹುದು. ಆಗ ಪೆಡಲ್ ಒತ್ತಿದರೂ ಗೇರ್ ಬೀಳುವುದಿಲ್ಲ. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಕ್ಲಚ್ ಒತ್ತಿ ಬಿಟ್ಟು, ಗಾಡಿಯನ್ನು ನಾಲ್ಕು ಮಾರು ಹಿಂದೆಮುಂದೆ ಓಡಿಸುವುದು ಒಳ್ಳೆಯದು.

ತರಗತಿಯಲ್ಲಿ

ಶಿಕ್ಷಕರು ಒಂದು ಸರಳ ಪ್ರಯೋಗ ಮಾಡಿಸಬಹುದು. ನಯವಾದ ಹಲಗೆಯ ಮೇಲೆ ಮರದ ತುಂಡೊಂದನ್ನು ಇಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿ. ತುಂಡು ಜಾರುವ ಕ್ಷಣದ ಕೋನದ ಟ್ಯಾಂಜೆಂಟ್ ಆ ಜೋಡಿಯ ಸ್ಥಾಯೀ ಘರ್ಷಣ ಗುಣಾಂಕ. 17 ಡಿಗ್ರಿಯಲ್ಲಿ ಜಾರಿದರೆ ಅದು ಸುಮಾರು 0.3. ಈಗ ಎರಡು ಹನಿ ತೆಂಗಿನೆಣ್ಣೆ ಸವರಿ ಮತ್ತೆ ಅಳೆಯಿರಿ. ಬಂದ ಎರಡು ಸಂಖ್ಯೆಗಳನ್ನು ಮೇಲಿನ ಟಾರ್ಕ್ ಸೂತ್ರದಲ್ಲಿ ಹಾಕಿ ನೋಡಲು ವಿದ್ಯಾರ್ಥಿಗಳಿಗೆ ಹೇಳಿ. ಎರಡು ಹನಿ ಎಣ್ಣೆ ಘಟ್ಟದ ನಡುವೆ ಗಾಡಿಯನ್ನು ಹೇಗೆ ನಿಲ್ಲಿಸಬಲ್ಲದು ಎಂಬುದು ಅವರಿಗೆ ತಾವಾಗಿಯೇ ತಿಳಿಯುತ್ತದೆ.