ವೇಗದ ಕಾರಿಗೆ ಹೊಸ ಟೈರು: ಆಯ್ಕೆಯ ಹಿಂದಿನ ವಿಜ್ಞಾನ



ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಊರುಗಳಲ್ಲಿ ಬೆಳೆದವರಿಗೆ ಗಾಲಿಯ ಪಾಠ ಹೊಸದಲ್ಲ. ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಇರುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಕೆಸರನ್ನು ಕಚ್ಚಿ ಹಿಡಿಯುವ ದಪ್ಪ ಹಲ್ಲುಗಳಿರುತ್ತವೆ. ಹಾವೇರಿ, ರಾಣೇಬೆನ್ನೂರುಗಳ ಮೂಲಕ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುವ ಕಾರಿನ ಟೈರಿಗೆ ಸಣ್ಣ ಗೀರುಗಳಷ್ಟೇ ಸಾಕು. ಪ್ರತಿಯೊಂದು ಟೈರೂ ತನ್ನ ನೆಲಕ್ಕೆ ತಕ್ಕಂತೆ ರೂಪುಗೊಂಡಿದೆ. ಹಾಗಿದ್ದರೆ ಶಕ್ತಿಶಾಲಿ ಎಂಜಿನಿನ, ವೇಗದ ಕಾರಿನ ಟೈರು ಸವೆದಾಗ ಹೊಸದನ್ನು ಆರಿಸುವುದು ಹೇಗೆ?

ಅಂಗೈಯಗಲದ ಆಸರೆ

1400 ಕಿ.ಗ್ರಾಂ ತೂಕದ ಕಾರಿನ ಒಂದೊಂದು ಗಾಲಿಯ ಮೇಲೆ ಸುಮಾರು 350 ಕಿ.ಗ್ರಾಂ ಭಾರ ಬೀಳುತ್ತದೆ. ಟೈರಿನೊಳಗೆ 33 ಪೌಂಡ್ ಗಾಳಿ ಇದ್ದರೆ, ಅದು ಒಂದು ಚದರ ಸೆಂ.ಮೀ.ಗೆ ಸುಮಾರು 2.3 ಕಿ.ಗ್ರಾಂ ಒತ್ತಡ. ಭಾಗಿಸಿ ನೋಡಿ: ನೆಲಕ್ಕೆ ತಾಗುವ ಭಾಗ ಸುಮಾರು 150 ಚದರ ಸೆಂ.ಮೀ. ಮಾತ್ರ. ಅಂದರೆ ಒಂದು ಅಂಗೈಯಷ್ಟು! ಎಂಜಿನಿನ ಬಲ, ಬ್ರೇಕಿನ ಬಲ, ತಿರುವಿನ ಬಲ ಎಲ್ಲವೂ ಇಂಥ ನಾಲ್ಕು ಅಂಗೈಗಳ ಮೂಲಕವೇ ರಸ್ತೆಯನ್ನು ತಲುಪಬೇಕು.

ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರಿಗೆ ಬ್ರೇಕ್ ಹಾಕಿದರೆ, ಘರ್ಷಣಾಂಕ 0.8 ಇರುವ ಒಣ ರಸ್ತೆಯಲ್ಲಿ ಅದು ಸುಮಾರು 50 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ, ಸವೆದ ಟೈರಿನಿಂದಾಗಿ ಘರ್ಷಣಾಂಕ 0.4ಕ್ಕೆ ಇಳಿದರೆ ಸುಮಾರು 100 ಮೀಟರ್ ಬೇಕಾಗುತ್ತದೆ. ಈ ಎರಡರ ನಡುವಿನ 50 ಮೀಟರಿನಲ್ಲಿ ರಸ್ತೆ ದಾಟುತ್ತಿರುವ ಒಬ್ಬ ಮನುಷ್ಯನಿರಬಹುದು.

ಗೋಡೆಯ ಮೇಲಿನ ಬರಹ

ಟೈರಿನ ಪಕ್ಕದ ಗೋಡೆಯಲ್ಲಿ '205/55 ಆರ್ 16 91 ವಿ' ಎಂಬಂಥ ಬರಹವಿರುತ್ತದೆ. 205 ಎಂದರೆ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ. ಗೋಡೆಯ ಎತ್ತರ ಅದರ ಶೇ. 55ರಷ್ಟು. 'ಆರ್' ಎಂದರೆ ರೇಡಿಯಲ್ ರಚನೆ. 16 ಎಂದರೆ ಒಳಗಿನ ಚಕ್ರದ ವ್ಯಾಸ, ಅಂಗುಲಗಳಲ್ಲಿ. 91 ಭಾರದ ಸಂಕೇತ. ಒಂದು ಟೈರು 615 ಕಿ.ಗ್ರಾಂ ಹೊರಬಲ್ಲದು. ಕೊನೆಯ ಅಕ್ಷರ ವೇಗದ ಸಂಕೇತ: 'ಟಿ' ಎಂದರೆ ಗಂಟೆಗೆ 190 ಕಿ.ಮೀ., 'ಎಚ್' ಎಂದರೆ 210, 'ವಿ' ಎಂದರೆ 240, 'ಡಬ್ಲ್ಯು' ಎಂದರೆ 270.

ಅಷ್ಟು ವೇಗವಾಗಿ ಓಡಿಸುವುದೇ ಇಲ್ಲವಲ್ಲ, ಕಡಿಮೆ ಸಂಕೇತದ ಅಗ್ಗದ ಟೈರು ಸಾಲದೇ ಎಂದು ನೀವು ಕೇಳಬಹುದು. ಈ ಅಕ್ಷರ ವೇಗಕ್ಕೆ ಪರವಾನಗಿಯಲ್ಲ. ಟೈರು ಎಷ್ಟು ಶಾಖವನ್ನು ತಡೆಯಬಲ್ಲದು ಎಂಬುದರ ಅಳತೆ. ಆದ್ದರಿಂದ ಭಾರದ ಸಂಕೇತವಾಗಲಿ ವೇಗದ ಸಂಕೇತವಾಗಲಿ ಕಾರು ತಯಾರಕರು ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಅಗಲವೋ, ಅಂಟೋ?

ಘರ್ಷಣೆ ತಾಗುವ ಕ್ಷೇತ್ರಫಲವನ್ನು ಅವಲಂಬಿಸಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ರಬ್ಬರು ಈ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಅದು ರಸ್ತೆಯ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಹೀಗಾಗಿ ಅಗಲದ ಟೈರು ಒಣ ರಸ್ತೆಯಲ್ಲಿ ಹೆಚ್ಚು ಬಿಗಿಯಾಗಿ ನಿಲ್ಲಬಲ್ಲದು. ಆದರೆ ನೀರಿನ ಮೇಲೆ ಅದೇ ಅಗಲ ತೊಡಕಾಗುತ್ತದೆ, ಏಕೆಂದರೆ ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚು. ಗೀರುಗಳು ಆ ನೀರನ್ನು ಸಾಗಿಸುವ ಕಾಲುವೆಗಳು. ಕಾಲುವೆ ಸಾಲದಾದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದು. ಗೀರಿನ ತಳದಲ್ಲಿರುವ ಸಣ್ಣ ದಿಬ್ಬಗಳ ಮಟ್ಟಕ್ಕೆ ರಬ್ಬರು ಸವೆಯಿತೆಂದರೆ ಉಳಿದಿರುವುದು 1.6 ಮಿ.ಮೀ. ಮಾತ್ರ. ಮಳೆಗಾಲದ ಹೆದ್ದಾರಿಗೆ ಅಲ್ಲಿಯವರೆಗೂ ಕಾಯದಿರುವುದೇ ಲೇಸು.

ಮೃದು ರಬ್ಬರು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ, ಆದರೆ ಹಿಡಿತ ಕಡಿಮೆ. ಪಂದ್ಯದ ಅಂಕಣಕ್ಕೆಂದು ಮಾಡಿದ, ಗೀರು ಕಡಿಮೆ ಇರುವ ಟೈರು ನಿತ್ಯದ ಓಡಾಟಕ್ಕೆ ತಕ್ಕುದಲ್ಲ. ಅಂದಕ್ಕಾಗಿ ದೊಡ್ಡ ಚಕ್ರ ಹಾಕಿಸುವವರೂ ಒಂದು ವಿಷಯ ನೆನಪಿಡಬೇಕು. 205/55 ಆರ್ 16ರ ಗೋಡೆಯ ಎತ್ತರ ಸುಮಾರು 113 ಮಿ.ಮೀ.; 225/40 ಆರ್ 18ರಲ್ಲಿ ಅದು 90 ಮಿ.ಮೀ. ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಕಡಿಮೆ ಬಾಗುತ್ತದೆ, ನಿಜ. ಆದರೆ ಹಳ್ಳಿಯ ದಾರಿಯ ಗುಂಡಿಯ ಪೆಟ್ಟು ನೇರವಾಗಿ ಚಕ್ರಕ್ಕೆ ಬೀಳುತ್ತದೆ.

ಕೊಳ್ಳುವಾಗ, ಕೊಂಡ ಮೇಲೆ

ಟೈರು ತಯಾರಾದ ಕಾಲವನ್ನು ನಾಲ್ಕು ಅಂಕಿಗಳು ತಿಳಿಸುತ್ತವೆ. 2325 ಎಂದಿದ್ದರೆ 2025ರ 23ನೇ ವಾರ. ಬಳಸದೆ ಇಟ್ಟ ರಬ್ಬರೂ ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಎರಡೇ ಹೊಸ ಟೈರು ಕೊಂಡರೆ ಅವನ್ನು ಹಿಂದಿನ ಗಾಲಿಗಳಿಗೆ ಹಾಕಿಸಬೇಕು. ಹಿಂಭಾಗ ಜಾರಿದರೆ ಕಾರನ್ನು ಹತೋಟಿಗೆ ತರುವುದು ಕಷ್ಟ. ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಮತ್ತೆ ಮತ್ತೆ ಮಡಚಿ ಕಾದು, ಬೇಸಿಗೆಯ ಬಿಸಿಲಿನಲ್ಲಿ ಸಿಡಿಯುವ ಅಪಾಯವಿದೆ.

ನಮ್ಮ ರಾಜ್ಯಕ್ಕೂ ಟೈರಿಗೂ ಹಳೆಯ ನಂಟಿದೆ. ಮೈಸೂರಿನ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿತು. ಟೈರು ಎಲ್ಲಿಯದೇ ಆಗಿರಲಿ, ಯಾರದೇ ಆಗಿರಲಿ, ಎಂಜಿನಿನ ಬಲವನ್ನು ನೋಡಿ ಹಿಗ್ಗುವ ಮೊದಲು ಆ ನಾಲ್ಕು ಅಂಗೈಗಳ ಬಲವನ್ನು ನೋಡುವುದು ಜಾಣತನ.

ಮಾಡಿ ನೋಡಿ

1. ನಿಮ್ಮ ಊರಿನಲ್ಲಿ ನಿಂತಿರುವ ಒಂದು ಕಾರಿನ ಟೈರಿನ ಬರಹ ಓದಿ, ಅದರ ವಯಸ್ಸು ಮತ್ತು ವೇಗದ ಮಿತಿ ಬರೆಯಿರಿ.
2. 205/55 ಆರ್ 16 ಟೈರಿನ ಒಟ್ಟು ವ್ಯಾಸವೆಷ್ಟು? (ಉತ್ತರ: ಸುಮಾರು 63 ಸೆಂ.ಮೀ.)
3. ಟ್ರ್ಯಾಕ್ಟರ್ ಟೈರಿನ ಹಲ್ಲುಗಳು ಎರೆಮಣ್ಣಿನ ಹೊಲಕ್ಕೆ ಒಪ್ಪುತ್ತವೆ, ಡಾಂಬರು ರಸ್ತೆಗೆ ಒಪ್ಪುವುದಿಲ್ಲ. ಏಕೆ?