ಚಿಮಣಿಯ ಹೊಗೆಗೂ ಲೆಕ್ಕವುಂಟು: ವಾಯು ಗುಣಮಟ್ಟದ ಗಣಕ ಮಾದರಿಗಳು ಮತ್ತು ಸಣ್ಣ ಉದ್ಯಮ

ಘಟಕಕ್ಕೆ ಬಾಯ್ಲರ್ ಅಥವಾ ಡೀಸೆಲ್ ಜನರೇಟರ್ ಅಳವಡಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಕೋರುವ ಉದ್ಯಮಿಗೆ ಎದುರಾಗುವ ಪ್ರಶ್ನೆಗಳಲ್ಲಿ ಚಿಮಣಿಯ ಎತ್ತರವೂ ಒಂದು. ಎತ್ತರ ಸರಿಯಾಗಿದ್ದು, ಚಿಮಣಿಯ ಬಾಯಲ್ಲಿ ಅಳೆದ ಹೊಗೆ ಮಿತಿಯೊಳಗಿದ್ದರೆ ತಮ್ಮ ಹೊಣೆ ಅಲ್ಲಿಗೆ ಮುಗಿಯಿತೆಂದು ನಮ್ಮಲ್ಲಿ ಅನೇಕರು ಭಾವಿಸುವುದು ಸಹಜ. ಆದರೆ ಕಳೆದ ಎರಡು ದಶಕಗಳಲ್ಲಿ ವಾಯು ಗುಣಮಟ್ಟವನ್ನು ಲೆಕ್ಕ ಹಾಕುವ ಗಣಕ ಮಾದರಿಗಳು ಬಹಳ ಮುಂದುವರಿದಿವೆ. ಹೊಗೆ ಯಾವ ಕಡೆಗೆ ಸಾಗುತ್ತದೆ, ದಾರಿಯಲ್ಲಿ ಯಾವ ವಸ್ತುವಾಗಿ ಮಾರ್ಪಡುತ್ತದೆ, ನಗರದ ಒಟ್ಟು ಮಾಲಿನ್ಯದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಅವು ಅಂದಾಜು ಮಾಡುತ್ತವೆ. ದೆಹಲಿಯಲ್ಲಿ ಇಂತಹ ಮಾದರಿಯ ಮುನ್ಸೂಚನೆಯನ್ನು ಆಧರಿಸಿ ವ್ಯವಹಾರಗಳ ಮೇಲೆ ನಿರ್ಬಂಧ ಹೇರುವ ವ್ಯವಸ್ಥೆಯೂ ಬಂದಿದೆ. ಆದ್ದರಿಂದ ಈ ಮಾದರಿಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಸಣ್ಣ ಉದ್ದಿಮೆದಾರರೂ ತಿಳಿದಿರುವುದು ಅಗತ್ಯ.

ಹಳೆಯ ಲೆಕ್ಕ

ಮೊದಲಿಗೆ ನಮಗೆ ಪರಿಚಿತವಾದ ಸೂತ್ರವನ್ನು ನೋಡೋಣ. ಚಿಮಣಿಯಿಂದ ಗಂಟೆಗೆ ಹೊರಬೀಳುವ ಸಲ್ಫರ್ ಡೈಆಕ್ಸೈಡ್‌ನ ತೂಕವನ್ನು ಕಿಲೋಗ್ರಾಂಗಳಲ್ಲಿ ತೆಗೆದುಕೊಂಡು, ಅದರ 0.3ರ ಘಾತವನ್ನು 14ರಿಂದ ಗುಣಿಸಿದರೆ ಚಿಮಣಿಯ ಎತ್ತರ ಮೀಟರುಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ, ಶೇ. 4ರಷ್ಟು ಗಂಧಕವಿರುವ ಫರ್ನೇಸ್ ಆಯಿಲನ್ನು ಗಂಟೆಗೆ 50 ಕಿಲೋದಂತೆ ಉರಿಸಿದರೆ 2 ಕಿಲೋ ಗಂಧಕ ಸುಟ್ಟು ಸುಮಾರು 4 ಕಿಲೋ ಸಲ್ಫರ್ ಡೈಆಕ್ಸೈಡ್ ಉಂಟಾಗುತ್ತದೆ. ಸೂತ್ರದ ಪ್ರಕಾರ ಎತ್ತರ ಸುಮಾರು 21 ಮೀಟರ್. ಹೊಗೆ ನೆಲ ಮುಟ್ಟುವಷ್ಟರಲ್ಲಿ ಸಾಕಷ್ಟು ಗಾಳಿಯೊಡನೆ ಬೆರೆತು ತೆಳುವಾಗಲಿ ಎಂಬುದೇ ಇದರ ಉದ್ದೇಶ.

ದೊಡ್ಡ ಯೋಜನೆಗಳ ಪರಿಸರ ಪರಿಣಾಮ ಅಧ್ಯಯನದಲ್ಲಿ ಇದೇ ತತ್ತ್ವದ ವಿಸ್ತೃತ ರೂಪವನ್ನು ಬಳಸುತ್ತಾರೆ. ಗಾಳಿ ಒಂದೇ ದಿಕ್ಕಿಗೆ ಬೀಸುತ್ತದೆ, ಹೊಗೆಯ ಸುರುಳಿ ಗಂಟೆಯಾಕಾರದಲ್ಲಿ ಇಕ್ಕೆಲಗಳಿಗೂ ಹರಡುತ್ತದೆ ಎಂದು ಭಾವಿಸಿ ನೆಲಮಟ್ಟದ ಸಾಂದ್ರತೆಯನ್ನು ಕಂಡುಹಿಡಿಯುವುದು ಈ ಕ್ರಮ. ಬ್ರಿಟಿಷ್ ಹವಾಮಾನ ತಜ್ಞ ಪಾಸ್ಕ್ವಿಲ್ 1961ರಲ್ಲಿ ವಾತಾವರಣದ ಸ್ಥಿರತೆಯನ್ನು ಆರು ವರ್ಗಗಳಾಗಿ ವಿಂಗಡಿಸಿದ್ದು ದೀರ್ಘಕಾಲ ಇದಕ್ಕೆ ಆಧಾರವಾಗಿತ್ತು. 2005ರ ಅಂತ್ಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಏರ್‌ಮೋಡ್ ಎಂಬ ಮಾದರಿಯನ್ನು ಅಧಿಕೃತವಾಗಿ ಅಂಗೀಕರಿಸಿತು. ಬಿಸಿಲಿಗೆ ನೆಲ ಕಾಯ್ದಾಗ ಮೇಲೇಳುವ ಗಾಳಿಯ ಸುಳಿಗಳು, ರಾತ್ರಿ ನೆಲ ತಣಿದಾಗ ಹೊಗೆ ಕೆಳಪದರದಲ್ಲೇ ಸಿಕ್ಕಿಕೊಳ್ಳುವುದು, ಗುಡ್ಡಗಳ ಅಡ್ಡಿ ಇವೆಲ್ಲವನ್ನೂ ಅದು ಹಳೆಯ ಆರು ವರ್ಗಗಳಿಗಿಂತ ಸೂಕ್ಷ್ಮವಾಗಿ ಗಣನೆಗೆ ತೆಗೆದುಕೊಳ್ಳುತ್ತದೆ. ಒಂದು ಕಾರ್ಖಾನೆಯಿಂದ ಅದರ ನೆರೆಹೊರೆಗೆ ಆಗುವ ಪರಿಣಾಮವನ್ನು ಅರಿಯಲು ಇದು ಉಪಯುಕ್ತ. ಆದರೆ ದೂರ ಸಾಗಿದ ಹೊಗೆಯ ರಾಸಾಯನಿಕ ಪರಿವರ್ತನೆ ಇದರ ವ್ಯಾಪ್ತಿಯನ್ನು ಮೀರಿದ್ದು.

ಆಕಾಶದ ಖಾತೆ ಪುಸ್ತಕ

ಈ ಕೊರತೆಯನ್ನು ನೀಗಿಸಲು ಬಂದವು ರಾಸಾಯನಿಕ ಸಾಗಣೆ ಮಾದರಿಗಳು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1998ರಲ್ಲಿ ಬಿಡುಗಡೆ ಮಾಡಿದ ಸಿಮ್ಯಾಕ್, ಅನಂತರ ಬಳಕೆಗೆ ಬಂದ ಡಬ್ಲ್ಯುಆರ್‌ಎಫ್-ಕೆಮ್ ಇವುಗಳಲ್ಲಿ ಪ್ರಮುಖವಾದವು. ಇವುಗಳ ಕ್ರಮ ವ್ಯಾಪಾರಸ್ಥರಿಗೆ ಹೊಸದೇನಲ್ಲ. ಒಂದು ಪ್ರದೇಶದ ವಾತಾವರಣವನ್ನು ಸಾವಿರಾರು ಪೆಟ್ಟಿಗೆಗಳಾಗಿ ವಿಭಾಗಿಸಿ, ಪ್ರತಿಯೊಂದು ಪೆಟ್ಟಿಗೆಗೂ ಒಂದು ಖಾತೆ ತೆರೆಯಲಾಗುತ್ತದೆ. ಪೆಟ್ಟಿಗೆಯಲ್ಲಿ ಮೊದಲೇ ಇದ್ದ ಮಾಲಿನ್ಯ ಆರಂಭಿಕ ಶಿಲ್ಕು. ಚಿಮಣಿ, ವಾಹನ, ಒಲೆಗಳಿಂದ ಬಂದದ್ದು ಮತ್ತು ಪಕ್ಕದ ಪೆಟ್ಟಿಗೆಯಿಂದ ಗಾಳಿ ತಂದದ್ದು ಜಮೆ. ಗಾಳಿ ಹೊತ್ತೊಯ್ದದ್ದು, ಮಳೆ ತೊಳೆದದ್ದು, ನೆಲಕ್ಕೆ ಇಳಿದದ್ದು ಖರ್ಚು. ಉಳಿದದ್ದು ಅಂತಿಮ ಶಿಲ್ಕು. ಕೆಲವು ನಿಮಿಷಗಳಿಗೊಮ್ಮೆ ಎಲ್ಲ ಖಾತೆಗಳನ್ನೂ ಮುಗಿಸಿ ಮುಂದಿನ ಪುಟಕ್ಕೆ ಒಯ್ಯುವುದೇ ಗಣಕಯಂತ್ರದ ಕೆಲಸ.

ಇದರಲ್ಲಿ ರಸಾಯನಶಾಸ್ತ್ರವು ಒಂದು ಖಾತೆಯಿಂದ ಮತ್ತೊಂದಕ್ಕೆ ನಡೆಯುವ ವರ್ಗಾವಣೆಯಂತೆ. ಸಲ್ಫರ್ ಡೈಆಕ್ಸೈಡ್ ಅನಿಲವು ಗಾಳಿಯಲ್ಲಿಯೂ ಮೋಡ ಮತ್ತು ಮಂಜಿನ ಹನಿಗಳಲ್ಲಿಯೂ ಉತ್ಕರ್ಷಣಗೊಂಡು ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಹೊಲಗಳ ರಸಗೊಬ್ಬರ ಹಾಗೂ ಜಾನುವಾರುಗಳ ಸಗಣಿ-ಗಂಜಲದಿಂದ ಬರುವ ಅಮೋನಿಯದೊಡನೆ ಅದು ಸೇರಿ ಅಮೋನಿಯಂ ಸಲ್ಫೇಟ್ ಎಂಬ ಅತಿ ಸೂಕ್ಷ್ಮ ಕಣವಾಗುತ್ತದೆ. ಅಂದರೆ ಚಿಮಣಿಯ ಬಾಯಲ್ಲಿ ಧೂಳು ಎಂದು ಅಳತೆಗೆ ಸಿಗದ ಅನಿಲವೇ ದೂರದಲ್ಲಿ ಪಿಎಂ 2.5 ಎಂಬ ಕಣಗಳ ಲೆಕ್ಕಕ್ಕೆ ಸೇರುತ್ತದೆ. ಎತ್ತರದ ಚಿಮಣಿಯಿಂದ ನೆರೆಮನೆಗೆ ರಕ್ಷಣೆ ದೊರೆಯಬಹುದು, ಒಟ್ಟು ಪ್ರಮಾಣ ಮಾತ್ರ ಒಂದು ಗ್ರಾಂ ಕೂಡ ಕಡಿಮೆಯಾಗದು.

ಈ ವರ್ಗಾವಣೆಗಳು ಸರಳ ಗಣಿತದಂತೆ ನಡೆಯುವುದಿಲ್ಲ ಎಂಬುದು ಇನ್ನೊಂದು ಮುಖ್ಯ ಸಂಗತಿ. ನೆಲಮಟ್ಟದ ಓಝೋನ್ ಯಾವ ಚಿಮಣಿಯಿಂದಲೂ ನೇರವಾಗಿ ಹೊರಬರುವಂಥದ್ದಲ್ಲ. ಸಾರಜನಕದ ಆಕ್ಸೈಡುಗಳೂ, ಬಣ್ಣ, ಥಿನ್ನರ್, ಮುದ್ರಣದ ಶಾಯಿ ಮತ್ತು ಪೆಟ್ರೋಲಿನಿಂದ ಆವಿಯಾಗುವ ಸಾವಯವ ಅನಿಲಗಳೂ ಬಿಸಿಲಿನಲ್ಲಿ ಸೇರಿ ಅದನ್ನು ಉಂಟುಮಾಡುತ್ತವೆ. ಸಾರಜನಕದ ಆಕ್ಸೈಡು ದಟ್ಟವಾಗಿರುವ ನಗರದಲ್ಲಿ ಅದನ್ನೊಂದನ್ನೇ ತಗ್ಗಿಸಿದರೆ ಓಝೋನ್ ಏರುವುದೂ ಉಂಟು. 2020ರ ಲಾಕ್‌ಡೌನ್ ಕಾಲದಲ್ಲಿ ವಾಹನ ಸಂಚಾರ ಕುಸಿದಾಗ ಪ್ರಪಂಚದ ಹಲವು ನಗರಗಳಲ್ಲಿ ಹೀಗೆಯೇ ಆಯಿತು. ಯಾವ ಉದ್ಯಮವನ್ನು ಎಷ್ಟು ನಿರ್ಬಂಧಿಸಿದರೆ ಎಷ್ಟು ಫಲ ಎಂಬುದನ್ನು ಕೇವಲ ಊಹೆಯಿಂದ ಹೇಳಲಾಗದು ಎಂಬುದಕ್ಕೆ ಇದು ನಿದರ್ಶನ.

ರಾಸಾಯನಿಕ ತಿಳಿವಳಿಕೆಯೂ ಬೆಳೆಯುತ್ತಲೇ ಇದೆ. ಐಐಟಿ ಮದ್ರಾಸ್ ನೇತೃತ್ವದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೆಹಲಿಯ ಚಳಿಗಾಲದ ಮಸುಕಿಗೆ ಕ್ಲೋರೈಡ್ ಕಣಗಳು ದೊಡ್ಡ ಕಾರಣವೆಂದು ತೋರಿಸಿತು. ಪ್ಲಾಸ್ಟಿಕ್ ಮಿಶ್ರಿತ ಕಸದ ದಹನ ಹಾಗೂ ಕೆಲವು ಕೈಗಾರಿಕಾ ಪ್ರಕ್ರಿಯೆಗಳಿಂದ ಬರುವ ಹೈಡ್ರೋಕ್ಲೋರಿಕ್ ಆಮ್ಲವು ಅಮೋನಿಯದೊಡನೆ ಬೆರೆತು, ನೀರು ಹೀರುವ ಕಣಗಳಾಗಿ ಉಬ್ಬುತ್ತದೆ.

ದೆಹಲಿಯ ಅನುಭವ

ಮಾದರಿಗಳು ಪ್ರಯೋಗಾಲಯ ಬಿಟ್ಟು ವ್ಯವಹಾರದ ಬಾಗಿಲಿಗೆ ಬಂದದ್ದು ದೆಹಲಿಯಲ್ಲಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ಭಾರತೀಯ ಹವಾಮಾನ ಇಲಾಖೆ ಹಾಗೂ ಅಮೆರಿಕದ ರಾಷ್ಟ್ರೀಯ ವಾತಾವರಣ ಸಂಶೋಧನಾ ಕೇಂದ್ರದ ಸಹಕಾರದೊಡನೆ ರೂಪಿಸಿದ ವಾಯು ಗುಣಮಟ್ಟ ಮುನ್ನೆಚ್ಚರಿಕೆ ವ್ಯವಸ್ಥೆ ಅಲ್ಲಿ 2018ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಇದರ ವೈಶಿಷ್ಟ್ಯವೆಂದರೆ ಲೆಕ್ಕವನ್ನು ದಿನವೂ ವಾಸ್ತವದೊಡನೆ ತಾಳೆ ನೋಡುವುದು. ನೆಲದ ಮೇಲಿನ ಮಾಪನ ಕೇಂದ್ರಗಳ ಅಂಕಿಗಳು, ಉಪಗ್ರಹಗಳು ಕಂಡ ಕಣಗಳ ದಟ್ಟಣೆ ಮತ್ತು ಹೊಲಗಳಲ್ಲಿನ ಬೆಂಕಿಯ ಎಣಿಕೆ ಇವುಗಳಿಂದ ಆರಂಭಿಕ ಶಿಲ್ಕನ್ನು ತಿದ್ದಿಕೊಂಡು ಮುಂದಿನ ದಿನಗಳ ಲೆಕ್ಕ ಹಾಕಲಾಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ನಮ್ಮ ಪುಸ್ತಕವನ್ನು ತಾಳೆ ನೋಡುವಂತೆಯೇ ಇದು. ದೆಹಲಿ ನಗರಕ್ಕಾಗಿ 400 ಮೀಟರ್ ಅಂತರದ ಸೂಕ್ಷ್ಮತೆಯಲ್ಲಿ ಲೆಕ್ಕ ಮಾಡುವ ಮಟ್ಟಕ್ಕೆ ಈ ವ್ಯವಸ್ಥೆ ತಲುಪಿದೆ.

ರಾಜಧಾನಿ ಪ್ರದೇಶದಲ್ಲಿ 2017ರ ಜನವರಿಯಲ್ಲಿ ಅಧಿಸೂಚಿತವಾದ ಹಂತವಾರು ಕ್ರಿಯಾಯೋಜನೆಯ ಪ್ರಕಾರ ಮೊದಲು ಮಾಲಿನ್ಯ ಏರಿದ ಮೇಲೆ ಕ್ರಮ ಕೈಗೊಳ್ಳಲಾಗುತ್ತಿತ್ತು. 2022ರ ಪರಿಷ್ಕರಣೆಯಲ್ಲಿ, ಮುನ್ಸೂಚನೆಯ ಆಧಾರದ ಮೇಲೆ ಮೂರು ದಿನ ಮುಂಚಿತವಾಗಿಯೇ ನಿರ್ಬಂಧಗಳನ್ನು ಜಾರಿಗೊಳಿಸುವ ಕ್ರಮ ಸೇರಿತು. ಕಟ್ಟಡ ಕಾಮಗಾರಿ, ಕಲ್ಲು ಕ್ರಷರ್, ಡೀಸೆಲ್ ಜನರೇಟರ್ ಇವೆಲ್ಲ ಈ ಯೋಜನೆಯ ವಿವಿಧ ಹಂತಗಳ ವ್ಯಾಪ್ತಿಗೆ ಬರುತ್ತವೆ. ಮುನ್ಸೂಚನೆ ಸರಿಯಾದರೆ ಉದ್ಯಮಿಗೆ ಸಿದ್ಧತೆಗೆ ಸಮಯ ಸಿಗುತ್ತದೆ. ತಪ್ಪಿದರೆ ಕಾರಣವಿಲ್ಲದೆ ಕೂಲಿ ಮತ್ತು ಬಂಡವಾಳದ ನಷ್ಟವಾಗುತ್ತದೆ.

ದಾಸ್ತಾನು ತಪ್ಪಿದರೆ ಲೆಕ್ಕವೂ ತಪ್ಪು

ಇಷ್ಟೆಲ್ಲ ಸುಧಾರಿಸಿದ ಮಾದರಿಗಳ ದುರ್ಬಲ ಕೊಂಡಿ ಇಂದಿಗೂ ಒಂದೇ. ಅದು ಯಾರು, ಎಲ್ಲಿ, ಎಷ್ಟು ಹೊಗೆ ಬಿಡುತ್ತಿದ್ದಾರೆ ಎಂಬ ದಾಸ್ತಾನು ಪಟ್ಟಿ. ದೆಹಲಿಯ ಮಾಲಿನ್ಯದಲ್ಲಿ ಕೂಳೆ ಸುಡುವಿಕೆ, ವಾಹನ, ಸುತ್ತಲಿನ ಜಿಲ್ಲೆಗಳು ಮುಂತಾದವುಗಳ ಪಾಲನ್ನು ಹಂಚಿ ತೋರಿಸಲು 2021ರಲ್ಲಿ ಅದೇ ಪುಣೆಯ ಸಂಸ್ಥೆ ಇನ್ನೊಂದು ವ್ಯವಸ್ಥೆಯನ್ನು ಸಿದ್ಧಪಡಿಸಿತು. 2023ರ ಚಳಿಗಾಲದಲ್ಲಿ ಅದರ ನಿಖರತೆಯ ಬಗ್ಗೆ ಪ್ರಶ್ನೆಗಳೆದ್ದವು. ಅದು ಬಳಸುತ್ತಿದ್ದ ದಾಸ್ತಾನು ಹಳೆಯದೆಂಬುದು ಪ್ರಮುಖ ಆಕ್ಷೇಪವಾಗಿತ್ತು.

ಸಣ್ಣ ಘಟಕಗಳ ವಿಷಯದಲ್ಲಿ ಈ ತೊಂದರೆ ಹೆಚ್ಚು. ಘಟಕದ ನಿಜವಾದ ಅಂಕಿಗಳು ದೊರೆಯದಿದ್ದಾಗ ತಜ್ಞರು ಇಂಧನದ ಅಂದಾಜು ಬಳಕೆಯನ್ನು ಸರಾಸರಿ ದರದಿಂದ ಗುಣಿಸುವುದು ಅನಿವಾರ್ಯವಾಗುತ್ತದೆ. ಆಗ ಹಣ ಹೂಡಿ ಬ್ಯಾಗ್ ಫಿಲ್ಟರ್ ಅಳವಡಿಸಿದವರೂ ಅಳವಡಿಸದವರೂ ಒಂದೇ ದರದಲ್ಲಿ ಲೆಕ್ಕಕ್ಕೆ ಸೇರುತ್ತಾರೆ. ಸೌದೆಯಿಂದ ಅನಿಲಕ್ಕೆ ಬದಲಾದ ಘಟಕ ಪಟ್ಟಿಯಲ್ಲಿ ಇನ್ನೂ ಸೌದೆ ಉರಿಸುತ್ತಲೇ ಇರುತ್ತದೆ. ಹೂಡಿಕೆಯ ಫಲ ಹೂಡಿದವರಿಗೆ ದೊರೆಯುವುದಿಲ್ಲ.

ಸದಸ್ಯರ ಗಮನಕ್ಕೆ

2019ರ ಜನವರಿಯಲ್ಲಿ ಪ್ರಾರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ನಗರಗಳೂ ಸೇರಿವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿನ ಗಾಳಿಯ ಸ್ಥಿತಿಗೂ ಚಳಿಗಾಲದಲ್ಲಿ ಗಾಳಿ ನಿಶ್ಚಲವಾಗುವ ದೆಹಲಿಗೂ ಹೋಲಿಕೆ ಸಲ್ಲದು. ಅಲ್ಲಿನ ನಿರ್ಬಂಧಗಳನ್ನು ಇಲ್ಲಿಗೆ ಹಾಗೆಯೇ ತರುವುದು ಯುಕ್ತವೂ ಅಲ್ಲ. ಆದರೆ ಈ ಮಾತನ್ನು ನಾವು ಸಮರ್ಥವಾಗಿ ಹೇಳಬೇಕಾದರೆ ನಮ್ಮ ಅಂಕಿಗಳು ನಮ್ಮ ಕೈಯಲ್ಲಿರಬೇಕು. ಅದಕ್ಕಾಗಿ ಕೆಲವು ಸಲಹೆಗಳು:

1. ಇಂಧನದ ಬಗೆ, ತಿಂಗಳ ಬಳಕೆ, ಅದರಲ್ಲಿನ ಗಂಧಕದ ಶೇಕಡಾವಾರು ಪ್ರಮಾಣವನ್ನು ಖರೀದಿ ಬಿಲ್ಲುಗಳ ಸಹಿತ ಪ್ರತ್ಯೇಕ ವಹಿಯಲ್ಲಿ ದಾಖಲಿಸುವುದು.

2. ಬಾಯ್ಲರ್, ಕುಲುಮೆ ಮತ್ತು ಜನರೇಟರ್ ನಡೆದ ಗಂಟೆಗಳನ್ನು ಹಗಲು-ರಾತ್ರಿ ಪ್ರತ್ಯೇಕವಾಗಿ ಬರೆದಿಡುವುದು. ಒಂದೇ ಪ್ರಮಾಣದ ಹೊಗೆಯಾದರೂ ಹಗಲಿನ ಪರಿಣಾಮ ಬೇರೆ, ರಾತ್ರಿಯದು ಬೇರೆ.

3. ಥಿನ್ನರ್, ದ್ರಾವಕ ಮತ್ತು ಆಮ್ಲಗಳ ಬಳಕೆಗೂ ಇದೇ ಶಿಸ್ತನ್ನು ಅನುಸರಿಸುವುದು. ಚಿಮಣಿ ಇಲ್ಲದ ಘಟಕವೂ ಈ ಲೆಕ್ಕದಿಂದ ಹೊರಗಿಲ್ಲ.

4. ಶುದ್ಧೀಕರಣ ಉಪಕರಣ ಅಳವಡಿಸಿದಾಗ ಅಥವಾ ಇಂಧನ ಬದಲಿಸಿದಾಗ ಮಂಡಳಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು.

5. ಮಾಲಿನ್ಯ ಮೂಲಗಳ ಅಧ್ಯಯನ ನಡೆದಾಗ, ಬಳಸಿದ ದಾಸ್ತಾನು ಯಾವ ವರ್ಷದ್ದೆಂದು ಕೈಗಾರಿಕಾ ಸಂಘಗಳ ಮೂಲಕ ವಿಚಾರಿಸುವುದು.

ತೆರಿಗೆಯ ಲೆಕ್ಕವನ್ನು ನಾವೇ ಸರಿಯಾಗಿ ಇಡದಿದ್ದರೆ ಅಧಿಕಾರಿಯು ತನ್ನ ಅಂದಾಜಿನಂತೆ ತೆರಿಗೆ ವಿಧಿಸುತ್ತಾನೆ. ಹೊಗೆಯ ಲೆಕ್ಕದಲ್ಲಿಯೂ ಅದೇ ನ್ಯಾಯ. ಬರೆದಿಟ್ಟ ಸತ್ಯವಾದ ಅಂಕಿಯೇ ಪ್ರಾಮಾಣಿಕ ಉದ್ಯಮಿಗೆ ರಕ್ಷಣೆ.