ಎಪ್ಪತ್ತಕ್ಕೆ ನಡುಗುವ ಗಾಡಿ ಎಂಬತ್ತಕ್ಕೆ ಸುಮ್ಮನಾಗುವುದೇಕೆ?

ಮಮದಾಪುರದ ದ್ರಾಕ್ಷಿ ಬೆಳೆಗಾರರೊಬ್ಬರು ಕೇಳಿದ್ದಾರೆ: “ನಮ್ಮ ಪಿಕಪ್ ಗಾಡಿ ಎಪ್ಪತ್ತಕ್ಕ ಹೋತಂದ್ರ ಸ್ಟೇರಿಂಗ್ ಗಡಗಡ ನಡಗತೈತ್ರಿ. ಎಂಬತ್ತರ ಹತ್ರ ಬಂತಂದ್ರ ತಾನ ಸುಮ್ಮನಾಗತೈತಿ. ಶಾಕಪ್ ಹೊಸಾವು ಹಾಕ್ಸೇವಿ, ಅಲೈನ್‌ಮೆಂಟ್ ಮಾಡ್ಸೇವಿ, ಅಮಾಸಿಗೆ ನಿಂಬಿಹಣ್ಣೂ ಕಟ್ಟೇವಿ. ಒಳಗ ಏನ ಆಗೇತಿ ಹೇಳ್ರಿ.”

ಎಂಥ ಒಳ್ಳೆಯ ಪ್ರಶ್ನೆ! ಅರ್ಧ ಉತ್ತರ ಇದರೊಳಗೇ ಇದೆ. ನಡುಕ ಯಾವ ವೇಗಕ್ಕೆ ಹುಟ್ಟುತ್ತದೆ, ಯಾವ ವೇಗಕ್ಕೆ ಸಾಯುತ್ತದೆ ಎಂಬುದನ್ನು ಇವರು ಗಮನಿಸಿದ್ದಾರೆ. ಗ್ಯಾರೇಜಿಗೆ ಹೋಗಿ ‘ಮುಂದ ಏನೋ ಸೌಂಡ್ ಬರಾಕತ್ತೈತಿ’ ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟು ಬಂದರೆ ಮೆಕ್ಯಾನಿಕ್ ಮೊದಲು ಕೈ ಹಾಕುವುದು ಶಾಕಪ್ಪಿಗೆ. ಶಾಕಪ್ ಬಹಳ ಸಲ ನಿರಪರಾಧಿ. ಅದರ ಕೆಲಸ ಕುಣಿತವನ್ನು ತಣಿಸುವುದು, ಹುಟ್ಟಿಸುವುದಲ್ಲ. ಹೊಸ ಶಾಕಪ್ ಹಾಕಿದಾಗ ನಡುಕ ಸ್ವಲ್ಪ ತಗ್ಗೀತು, ಆದರೆ ನಡುಕದ ಬೇರು ಇದ್ದಲ್ಲೇ ಇರುತ್ತದೆ.

ಬೇರು ಹುಡುಕಲು ಮೊದಲು ಬೇಕಾದದ್ದು ಪಾನಾ ಅಲ್ಲ, ಒಂದು ಸಣ್ಣ ಲೆಕ್ಕ. ಚಕ್ರದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ಚಕ್ರ ಒಂದು ಸುತ್ತು ಬರುವಷ್ಟು ಉರುಳಿಸಿ, ನೆಲದ ಮೇಲೆ ಟೇಪು ಹಿಡಿದು ಅಳೆಯಿರಿ. ಸಾಧಾರಣ ಪಿಕಪ್‌ಗಳ ಚಕ್ರ ಒಂದು ಸುತ್ತಿಗೆ 2 ಮೀಟರಿನ ಆಸುಪಾಸು ಸಾಗುತ್ತದೆ. ಅಂಥ ಚಕ್ರವಾದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದನ್ನು 7.2ರಿಂದ ಭಾಗಿಸಿ. ಬಂದ ಸಂಖ್ಯೆಯೇ ಒಂದು ಸೆಕೆಂಡಿಗೆ ಚಕ್ರ ತಿರುಗುವ ಸುತ್ತುಗಳು. ಎಪ್ಪತ್ತರಲ್ಲಿ ಅದು ಹತ್ತಕ್ಕೆ ತುಸು ಕಡಿಮೆ. ಟಾಟಾ ಏಸ್‌ನಂಥ ಪುಟ್ಟ ಗಾಡಿಗಳ 12 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.7 ಮೀಟರ್ ಮಾತ್ರ ಹೋಗುವುದರಿಂದ ಅರವತ್ತಕ್ಕೇ ಹತ್ತು ಸುತ್ತು ಮುಟ್ಟುತ್ತದೆ.

ಈ ‘ಹತ್ತು’ ಎಂಬ ಸಂಖ್ಯೆಯ ಮೇಲೆ ನನಗೆ ವಿಶೇಷ ಪ್ರೀತಿ. ಪ್ರತಿ ಗಾಡಿಗೂ ಕುಣಿಯಲು ತನ್ನದೇ ಲಯಗಳಿವೆ. ಸ್ಪ್ರಿಂಗು, ಪಾಟಾಗಳ ಮೇಲೆ ಕೂತ ಇಡೀ ಬಾಡಿ ಸೆಕೆಂಡಿಗೆ ಒಂದೆರಡು ಸಲ ನಿಧಾನವಾಗಿ ತೂಗುತ್ತದೆ. ಅದರ ಕೆಳಗೆ ನೆಲಕ್ಕೂ ಸ್ಪ್ರಿಂಗಿಗೂ ನಡುವೆ ಸಿಕ್ಕಿಕೊಂಡಿರುವ ಚಕ್ರ, ಹಬ್ಬು, ಆಕ್ಸಲ್‌ಗಳ ಗುಂಪಿನ ಲಯ ಬೇರೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ. ಚಕ್ರದಲ್ಲಿ ಒಂದು ಕಡೆ ಭಾರ ಹೆಚ್ಚಾಗಿದ್ದರೆ ಪ್ರತಿ ಸುತ್ತಿಗೂ ಅದು ಒಮ್ಮೆ ಜಗ್ಗುತ್ತದೆ. ಜಗ್ಗುವ ಲಯ ಆ ಗುಂಪಿನ ಲಯಕ್ಕೆ ಕೂಡಿದ ಕ್ಷಣ ಸಣ್ಣ ಜಗ್ಗಾಟವೂ ದೊಡ್ಡ ನಡುಕವಾಗುತ್ತದೆ. ಇದೇ ಅನುರಣನ. ವೇಗ ಇನ್ನಷ್ಟು ಏರಿದರೆ ಲಯ ತಪ್ಪುತ್ತದೆ, ನಡುಕ ಅಡಗುತ್ತದೆ. ಹಾಗಾಗಿ ಮಮದಾಪುರದ ಗಾಡಿ ಎಂಬತ್ತಕ್ಕೆ ಸುಮ್ಮನಾಗುವುದು ರೋಗ ವಾಸಿಯಾಯಿತೆಂದಲ್ಲ. ಚಕ್ರದ ಅಸಮತೋಲ ಆಗಲೂ ಇದೆ, ಮೊದಲಿಗಿಂತ ಜೋರಾಗಿಯೇ ಬೇರಿಂಗನ್ನು ಗುದ್ದುತ್ತಿದೆ. ಕೈಗೆ ತಿಳಿಯುತ್ತಿಲ್ಲ, ಅಷ್ಟೇ.

ಹಾಗಾದರೆ ಚಕ್ರದಲ್ಲಿ ಒಂದು ಕಡೆ ಭಾರ ಬಂದದ್ದು ಹೇಗೆ? ಬ್ಯಾಲೆನ್ಸಿಂಗ್ ಮಾಡಿ ರಿಮ್ಮಿನ ಅಂಚಿಗೆ ಸಿಕ್ಕಿಸಿದ ತೂಕದ ತುಂಡು ಉದುರಿರಬಹುದು, ಟೈರು ಉಬ್ಬಿರಬಹುದು, ಒಂದೇ ಕಡೆ ಸವೆದಿರಬಹುದು. ಆದರೆ ಬಬಲೇಶ್ವರ, ತಿಕೋಟಾ ಭಾಗದ ಗಾಡಿಗಳಲ್ಲಿ ನಾನು ಮೊದಲು ಸಂಶಯ ಪಡುವುದು ಎರಿ ಮಣ್ಣನ್ನು. ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿ ಹೊತ್ತಿಗೆ ಮಳೆ ಬಿದ್ದ ದಾರಿಯಲ್ಲಿ ಗೊಬ್ಬರದ ಗಾಡಿ ದ್ರಾಕ್ಷಿ ಪಡ ಹೊಕ್ಕು ಬಂದರೆ ಮುಗಿಯಿತು. ಎರಿ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳವಾಗಿದೆ. ಅದರ ಕಣಗಳು ತೆಳ್ಳನೆಯ ಪದರಗಳ ಕಟ್ಟು. ನೀರು ಪದರಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬಿ ಅಂಟುತ್ತದೆ, ಒಣಗಿದಾಗ ಕುಗ್ಗಿ ಕಲ್ಲಾಗುತ್ತದೆ. ಪೈಪು ಹಿಡಿದು ಗಾಡಿ ತೊಳೆಯುವವರು ಚಕ್ರದ ಹೊರಮೈ ತೊಳೆಯುತ್ತಾರೆ. ರಿಮ್ಮಿನ ಒಳಮೈಗೆ, ಬ್ರೇಕಿನ ಹಿಂದಿನ ಆ ಡೊಗರಿಗೆ, ನೀರು ಹೋಗುವುದಿಲ್ಲ. ಅಲ್ಲಿ ಮೆತ್ತಿದ ಹೆಂಟೆ ಅಲ್ಲೇ ಒಣಗುತ್ತದೆ.

ಗಾಡಿ ಜೋರಾಗಿ ಓಡಿದರೆ ಮಣ್ಣು ತಾನೇ ಸಿಡಿದು ಹೋದೀತು ಎಂದು ಬಹಳ ಜನ ನಂಬಿದ್ದಾರೆ. ಟೈರಿನ ಹೊರಗೆ ಅಂಟಿದ ಮಣ್ಣಿನ ಮಟ್ಟಿಗೆ ಅದು ನಿಜ. ರಿಮ್ಮಿನ ಒಳಗೆ ಅಂಟಿದ್ದಕ್ಕೆ ಪೂರ್ತಿ ಉಲ್ಟಾ! ತಿರುಗುವ ಚಕ್ರದಲ್ಲಿ ಮಣ್ಣು ನಡುವಿನಿಂದ ಹೊರಕ್ಕೆ ಹೋಗಲು ನೋಡುತ್ತದೆ, ಹೊರಗೆ ರಿಮ್ಮಿನ ಉಕ್ಕಿನ ಗೋಡೆ ಅಡ್ಡ ಇದೆ. ವೇಗ ಹೆಚ್ಚಿದಷ್ಟೂ ಹೆಂಟೆ ಗೋಡೆಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿದೆ. ನಡುವಿನಿಂದ 17 ಸೆಂಟಿಮೀಟರ್ ದೂರದಲ್ಲಿ 200 ಗ್ರಾಂ ಮಣ್ಣಿದೆ ಎಂದುಕೊಳ್ಳಿ. ಎಪ್ಪತ್ತರ ವೇಗದಲ್ಲಿ ಅದು ರಿಮ್ಮನ್ನು ತನ್ನ ತೂಕದ 65 ಪಟ್ಟು, ಅಂದರೆ 13 ಕಿಲೋ ಭಾರದಷ್ಟು ಬಲದಿಂದ ದೂಡುತ್ತದೆ. ಅದೂ ಒಂದೇ ದಿಕ್ಕಿಗಲ್ಲ. ಮೇಲೆ, ಮುಂದೆ, ಕೆಳಗೆ, ಹಿಂದೆ, ಸೆಕೆಂಡಿಗೆ ಹತ್ತು ಸಲ. ವೇಗ ಅರ್ಧಕ್ಕಿಳಿದರೆ ಈ ಬಲ ಕಾಲು ಭಾಗಕ್ಕಿಳಿಯುತ್ತದೆ. ಊರೊಳಗೆ ನಿಧಾನ ಓಡಿಸಿ ನೋಡಿದ ಮೆಕ್ಯಾನಿಕ್ಕಿಗೆ ‘ಏನೂ ಇಲ್ಲಲ್ರಿ’ ಎನಿಸುವುದು ಇದರಿಂದಲೇ.

ಪರಿಹಾರ: ಚಕ್ರ ಬಿಚ್ಚಿ ಒಳಗಿನ ಮಣ್ಣು ಕೆರೆದು ತೆಗೆಯಿರಿ, ಬ್ಯಾಲೆನ್ಸಿಂಗ್ ಮಾಡಿಸಿ. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಅಲೈನ್‌ಮೆಂಟ್ ಕೆಟ್ಟರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ. ಇಂಥದೇ ವೇಗಕ್ಕೆ ಬಂದು ಹೋಗುವ ನಡುಕ ಅದರ ಲಕ್ಷಣವಲ್ಲ.

ನಿಂಬೆಹಣ್ಣಿನ ವಿಷಯ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಮ್ಮದೇ ಜಿಲ್ಲೆಯ ರೈತರು ಬರದಲ್ಲಿ ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ಗಿಡದ ಹಣ್ಣನ್ನು ಟೈರಿನಡಿ ಇಟ್ಟು ಅರೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಾಡಿಗೆ ಯಾರ ಕಣ್ಣೂ ಬೀಳುವುದಿಲ್ಲ, ಅದಕ್ಕೆ ಬೀಳುವುದು ಸವೆತ. ಬಂಪರಿಗೆ ತಂತಿಯಲ್ಲಿ ಕಟ್ಟಿದ ಕುದುರೆ ಲಾಳ ಸಡಿಲಾದರೆ ಅದೇ ಕಟಕಟ ಬಡಿದು ಇಲ್ಲದ ದೋಷವನ್ನು ಹುಡುಕಲು ಹಚ್ಚುತ್ತದೆ. ಸದ್ದು ಹುಡುಕುವ ಮೊದಲು ಅದನ್ನು ಬಿಚ್ಚಿಡಿ.

ನಡುಕಕ್ಕೆ ಲೆಕ್ಕ ಸಾಕು, ಸದ್ದಿಗೆ ಸಾಲದು. ಸದ್ದು ಕಿವಿಗೆ ಮೋಸ ಮಾಡುತ್ತದೆ. ಮಮದಾಪುರದ ದೊಡ್ಡ ಕೆರೆಯನ್ನು ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯೇ ಗೋಳಗುಮ್ಮಟ. ಅಲ್ಲಿ ಗ್ಯಾಲರಿಯ ಒಂದು ಬದಿಯಲ್ಲಿ ಗೋಡೆಗೆ ಬಾಯಿ ಕೊಟ್ಟು ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆಯ ಗೋಡೆಗೆ ಕಿವಿ ಇಟ್ಟವರಿಗೆ ಪಕ್ಕದಲ್ಲೇ ನುಡಿದಂತೆ ಕೇಳುತ್ತದೆ. ಪಿಕಪ್ಪಿನ ಚಾಸಿಯೂ ಹೀಗೇ ಸದ್ದನ್ನು ಹುಟ್ಟಿದಲ್ಲಿಂದ ಒಯ್ದು ಬೇರೆಲ್ಲೋ ಇಳಿಸುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಸಾಗುವ ಸದ್ದು ಉಕ್ಕಿನಲ್ಲಿ 5,000 ಮೀಟರಿಗೂ ಮಿಕ್ಕಿ ಓಡುತ್ತದೆ. ಎಡಗಡೆ ಪಾಟಾದ ಶ್ಯಾಕಲ್ ಬುಶ್ ಹೋಗಿರುತ್ತದೆ, ಡ್ರೈವರಿಗೆ ಅದು ತನ್ನ ಕಾಲಡಿಯಲ್ಲೇ ಬಡಿದಂತೆ ಕೇಳಿಸುತ್ತದೆ.

ಆದ್ದರಿಂದ ಅನುಭವಸ್ಥ ಮೆಕ್ಯಾನಿಕ್ ಕಿವಿಗಿಂತ ಬೆರಳನ್ನು ಹೆಚ್ಚು ನಂಬುತ್ತಾನೆ. ವಿಜಯಪುರ ರಸ್ತೆ ಬದಿಯ ಗ್ಯಾರೇಜೊಂದರಲ್ಲಿ ನಾನು ಕಂಡ ಪರೀಕ್ಷೆಯನ್ನು ಹೇಳಲೇಬೇಕು. ಮುಂದಿನ ಚಕ್ರ ಎತ್ತಿ ನಿಲ್ಲಿಸಿದ್ದರು. ಮೆಕ್ಯಾನಿಕ್ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದ. ಟಕ್ ಟಕ್ ಎಂದು ಸಣ್ಣ ಆಟ ಇತ್ತು. ಅದು ಬೇರಿಂಗಿನದೋ ಕಿಂಗ್ ಪಿನ್ನಿನದೋ? ಹುಡುಗನನ್ನು ಸೀಟಿಗೆ ಹತ್ತಿಸಿ “ಬ್ರೇಕ್ ಒತ್ತಲೇ” ಎಂದ. ಬ್ರೇಕ್ ಒತ್ತಿದೊಡನೆ ಆಟ ಮಾಯ. “ಬೇರಿಂಗ್” ಎಂದು ಪಾನಾ ಕೈಗೆತ್ತಿಕೊಂಡ. ಬ್ರೇಕ್ ಹಿಡಿದಾಗ ಹಬ್ಬೂ ಅದನ್ನು ಹೊತ್ತ ತುಂಡೂ ಒಂದಾಗಿ ಬಿಗಿದುಕೊಳ್ಳುತ್ತವೆ, ನಡುವಿನ ಬೇರಿಂಗಿಗೆ ಅಲುಗಾಡಲು ಎಡೆ ಇರುವುದಿಲ್ಲ. ಬ್ರೇಕ್ ಹಿಡಿದ ಮೇಲೂ ಚಕ್ರ ಅಲುಗುತ್ತಿದ್ದರೆ ದೋಷ ಅದರ ಒಳಗಡೆಯ ಕಿಂಗ್ ಪಿನ್ನಿನಲ್ಲಿ, ಕಾಯಿಲ್ ಸ್ಪ್ರಿಂಗಿನ ಗಾಡಿಯಾದರೆ ಬಾಲ್ ಜಾಯಿಂಟಿನಲ್ಲಿ. ಒಂದು ಪೆಡಲ್ ಒತ್ತಿ ಎರಡು ರೋಗಗಳನ್ನು ಬೇರ್ಪಡಿಸುವ ಈ ಪರೀಕ್ಷೆಗಿಂತ ಚೊಕ್ಕ ಪ್ರಯೋಗವನ್ನು ನಾನು ಕಾಲೇಜಿನ ಲ್ಯಾಬಿನಲ್ಲೂ ಕಂಡಿಲ್ಲ. ಚಕ್ರವನ್ನು ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್ ಎಂಡ್ ನೋಡಬೇಕು. ಅದಕ್ಕೆ ಗಾಡಿ ನೆಲದ ಮೇಲೇ ಇರಲಿ, ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ಆಚೀಚೆ ಆಡಿಸಲಿ, ಇನ್ನೊಬ್ಬರು ಜಾಯಿಂಟಿನ ಮೇಲೆ ಬೆರಳಿಡಲಿ. ಕಿವಿಗೆ ಕೇಳದ ಪೆಟ್ಟು ಬೆರಳಿಗೆ ಸಿಗುತ್ತದೆ.

ಉಳಿದ ಗುರುತುಗಳು ಸಲೀಸು. ಸಣ್ಣ ಗುಂಡಿಗೂ ಕಟ್ ಎಂದರೆ ಬುಶ್ಶು, ಶ್ಯಾಕಲ್ಲು, ಸಡಿಲಾದ ಯು ಬೋಲ್ಟು ನೋಡಿ. ವೇಗದೊಂದಿಗೆ ಏರುವ ಗುಂಯ್ ಸದ್ದು ಎಡಕ್ಕೆ ತಿರುಗುವಾಗ ಜೋರಾದರೆ ಬಲಗಡೆಯ ಬೇರಿಂಗಿನ ಮೇಲೆ ಸಂಶಯವಿರಲಿ, ತಿರುವಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಬೀಳುತ್ತದೆ. ಬ್ರೇಕ್ ಹಿಡಿದಾಗ ಮಾತ್ರ ನಡುಕವಿದ್ದರೆ ಡಿಸ್ಕು ಅಥವಾ ಡ್ರಮ್ಮು ಓರೆಯಾಗಿದೆ. ಸ್ಟೇರಿಂಗ್ ಸುಮ್ಮನಿದ್ದು ಸೀಟು ಜುಮುಗುಟ್ಟಿದರೆ ಹಿಂದಿನ ಚಕ್ರ ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್. ಈ ಶಾಫ್ಟು ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ತಿರುಗುವುದರಿಂದ ಅದರದು ಗಡಗಡ ಅಲ್ಲ, ಜುಮುಜುಮು.

ಈಗ ನಡುಕದ ಈ ಎಣಿಕೆಗೆ ನಿಮ್ಮ ಜೇಬಿನ ಮೊಬೈಲೇ ಸಾಕು. ಒಳಗೊಂದು ವೇಗೋತ್ಕರ್ಷ ಮಾಪಕವಿದೆ. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಭೌತವಿಜ್ಞಾನದ ಪ್ರಯೋಗಕ್ಕೆಂದು ರೂಪಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್, ಗಾಡಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತಿದೆ ಎಂದು ತೋರಿಸುತ್ತದೆ. ಮೊಬೈಲನ್ನು ಡ್ಯಾಶ್‌ಬೋರ್ಡಿಗೆ ಬಿಗಿದು, ಪಕ್ಕದಲ್ಲಿ ಕೂತವರು ನೋಡಲಿ. ಎಪ್ಪತ್ತಕ್ಕೆ 10ರ ಹತ್ತಿರ ಗೀಟು ಎದ್ದರೆ ಚಕ್ರ, 40ರ ಹತ್ತಿರ ಎದ್ದರೆ ಶಾಫ್ಟ್. ಇದನ್ನು ತೋರಿಸಿದರೆ ಯಾವ ಗ್ಯಾರೇಜಿನವರೂ ನಿಮಗೆ ಬೇಡದ ಶಾಕಪ್ ಮಾರಲಾರರು.

ಗಾಡಿಯದಲ್ಲದ ನಡುಕವೂ ಒಂದಿದೆ. ಗರಸಿನ ದಾರಿಯಲ್ಲಿ ಮಡಿಕೆ ಮಡಿಕೆಯಾಗಿ ಏಳುವ ಅಲೆಗಳು ಗಾಡಿಗಳ ಸ್ಪ್ರಿಂಗಿನಿಂದ ಆಗುತ್ತವೆ ಎಂದು ಬಹುಕಾಲ ನಂಬಿದ್ದರು. 2007ರಲ್ಲಿ ಸ್ಟೀಫನ್ ಮಾರಿಸ್, ನಿಕೋಲಾ ತಾಬರ್ಲೆ, ಜಿಮ್ ಮೆಕೆಲ್ವೇನ್ ಎಂಬ ಭೌತವಿಜ್ಞಾನಿಗಳು ತಿರುಗುವ ಮೇಜಿನ ಮೇಲೆ ಮರಳು ಹಾಸಿ ಚಕ್ರ ಓಡಿಸಿದರು. ಸ್ಪ್ರಿಂಗೇ ಇಲ್ಲದ ಚಕ್ರದಡಿಯೂ ಅಲೆ ಎದ್ದವು! ಒಂದು ಮಿತಿ ವೇಗ ದಾಟಿದರೆ ಸಾಕು. ಅಂಥ ದಾರಿಯಲ್ಲಿ ಗಡಗಡಿಸಿ, ಡಾಂಬರಿಗೆ ಬಂದೊಡನೆ ಸುಮ್ಮನಾದರೆ ಗ್ಯಾರೇಜಿಗೆ ಹೋಗುವ ಕೆಲಸವಿಲ್ಲ.

ಇಷ್ಟೆಲ್ಲದರಲ್ಲಿ ಒಂದೇ ಲಕ್ಷಣಕ್ಕೆ ನಾನು ಹೆದರುತ್ತೇನೆ. ಮುಂದೆಯೂ ಪಾಟಾ, ಇಡೀ ಆಕ್ಸಲ್ ಇರುವ ಗಾಡಿ ಗುಂಡಿ ಹಾರಿದ ಮೇಲೆ ಎರಡೂ ಮುಂಗಾಲಿಗಳು ಎಡಬಲಕ್ಕೆ ಒದರಾಡತೊಡಗಿ ನಿಲ್ಲದೇ ಹೋದರೆ ಅದು ಮಣ್ಣಿನ ತಂಟೆಯಲ್ಲ. ಒಂದು ಚಕ್ರ ಏರಿದಾಗ ಆಕ್ಸಲ್ ಓರೆಯಾಗುತ್ತದೆ, ಜೋರಾಗಿ ತಿರುಗುವ ಚಕ್ರ ಓರೆಯಾದೊಡನೆ ಪಕ್ಕಕ್ಕೆ ಹೊರಳಲು ನೋಡುತ್ತದೆ, ಸವೆದ ಕಿಂಗ್ ಪಿನ್ ಅದನ್ನು ತಡೆಯುವುದಿಲ್ಲ. 1934ರಲ್ಲಿ ಜನರಲ್ ಮೋಟರ್ಸ್ ತನ್ನ ಕಾರುಗಳ ಮುಂದಿನ ಚಕ್ರಗಳನ್ನು ಒಂದೇ ಆಕ್ಸಲ್ಲಿನಿಂದ ಬಿಡಿಸಿ ಬೇರೆ ಬೇರೆ ತೂಗುಹಾಕಲು ಈ ಒದರಾಟವೂ ಒಂದು ಕಾರಣವಾಗಿತ್ತು. ಹಾಗಾದಾಗ ಬ್ರೇಕನ್ನು ಗಕ್ಕನೆ ತುಳಿಯಬೇಡಿ. ಸ್ಟೇರಿಂಗ್ ಬಿಗಿ ಹಿಡಿದು, ಎಕ್ಸಲರೇಟರ್ ಬಿಟ್ಟು, ವೇಗ ಇಳಿಯಲು ಬಿಡಿ. ಕಿಂಗ್ ಪಿನ್, ಟೈ ರಾಡ್ ನೋಡಿಸುವ ತನಕ ತಾಸಗಾಂವಕ್ಕೆ ಒಣದ್ರಾಕ್ಷಿ ಲೋಡು ಹೇರಬೇಡಿ.

ಇನ್ನೊಂದು ಮಾತು. ಈ ಲೇಖನ ಓದಿ ಚಕ್ರ ಬಿಚ್ಚಲು ಹೊರಡುವವರು ಗಟ್ಟಿ ನೆಲ ನೋಡಿಕೊಳ್ಳಿ. ಎರಿ ಹೊಲದಲ್ಲಿ ಜಾಕ್ ನಿಲ್ಲುವುದಿಲ್ಲ, ಹೂತು ಓರೆಯಾಗುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಚಾಸಿಯ ಕೆಳಗೆ ದಪ್ಪ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಇಡಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ.